ಚುಚ್ಚದೆ ಕಾಣುವ ರಕ್ತನಾಳ: ಅಕ್ಷಿಪಟಲದ ಬೆಳಕಿನ ಚಿತ್ರಣ

ಜಮಖಂಡಿಗೆ ನೆರೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು ಊರೂರುಗಳಲ್ಲಿ ನೇತ್ರ ಶಿಬಿರಗಳನ್ನು ನಡೆಸಿ ನಾಡಿನ ನೇತ್ರವೈದ್ಯ ಚರಿತ್ರೆಯಲ್ಲಿ ಸ್ಥಿರವಾದ ಸ್ಥಾನ ಪಡೆದವರು. 2005ರಲ್ಲಿ ಅವರು ನಿಧನರಾದರು. ಅವರು ಮುಖ್ಯವಾಗಿ ಎದುರಿಸಿದ್ದು ಕಣ್ಣಿನ ಪೊರೆಯನ್ನು. ಪೊರೆ ಬಂದ ಮಸೂರವು ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದರೆ, ವರ್ಷಗಳು ಕಳೆದಿದ್ದರೂ, ವಯಸ್ಕರಲ್ಲಿ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಅಕ್ಷಿಪಟಲದ ರಕ್ತನಾಳಗಳ ರೋಗ ಹಾಗಲ್ಲ. ಅಲ್ಲಿ ನಾಶವಾದ ನರಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಈ ರೋಗಗಳಲ್ಲಿ ಸಕಾಲದಲ್ಲಿ ಕಾಣುವುದೇ ಚಿಕಿತ್ಸೆಯ ಮೊದಲರ್ಧ. ಅಂಥ ಕಾಣ್ಕೆಯನ್ನು ಸಾಧ್ಯವಾಗಿಸಿದ ವಿಧಾನಗಳನ್ನೂ ನಮ್ಮ ನಾಡಿನಲ್ಲಿ ಅವುಗಳ ಒಂದು ಮುಖ್ಯ ಬಳಕೆಯನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ವಿಶಿಷ್ಟ ಸ್ಥಳ ಕಣ್ಣು. ಪಾರದರ್ಶಕ ಪಟಲ, ಪಾಪೆ, ಮಸೂರಗಳ ಮೂಲಕ ಬೆಳಕು ಒಳಹೊಕ್ಕು ಅಕ್ಷಿಪಟಲದಿಂದ ಹಿಂದಿರುಗುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕವು ಈ ಬೆಳಕನ್ನು ವೈದ್ಯನ ಕಣ್ಣಿಗೆ ತಲುಪಿಸಿತು. 1961ರಲ್ಲಿ ಅಮೆರಿಕದ ನೊವೊಟ್ನಿ ಮತ್ತು ಆಲ್ವಿಸ್ ಅವರು ತೋಳಿನ ಅಭಿಧಮನಿಗೆ ಫ್ಲೋರೆಸೀನ್ ಎಂಬ ವರ್ಣದ್ರವ್ಯವನ್ನು ಚುಚ್ಚಿ, ಅದು ಕಣ್ಣಿನ ನಾಳಗಳಲ್ಲಿ ಹರಿಯುವುದನ್ನು ಛಾಯಾಚಿತ್ರಗಳಲ್ಲಿ ಹಿಡಿದರು. ನಾಳಗಳು ಎಲ್ಲಿ ಮುಚ್ಚಿವೆ, ಎಲ್ಲಿ ಸೋರುತ್ತಿವೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ವರ್ಣದ್ರವ್ಯದಿಂದ ಕೆಲವರಿಗೆ ವಾಕರಿಕೆ ಬರುತ್ತದೆ. ವಿರಳವಾಗಿ ತೀವ್ರ ಅಲರ್ಜಿಯೂ ಉಂಟಾಗುತ್ತದೆ.

ಚುಚ್ಚುಮದ್ದಿನ ಅಗತ್ಯವನ್ನು ತಪ್ಪಿಸಿದ್ದು 1991ರಲ್ಲಿ ಪ್ರಕಟವಾದ ಆಪ್ಟಿಕಲ್ ಕೊಹಿರೆನ್ಸ್ ಟೊಮೊಗ್ರಫಿ ಎಂಬ ತಂತ್ರದಿಂದ ಬೆಳೆದುಬಂದ ಶಾಖೆ. ಇದರಲ್ಲಿ ಅವಕೆಂಪು ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಕನ್ನಡಿಗೂ ಇನ್ನೊಂದನ್ನು ಕಣ್ಣಿಗೂ ಕಳುಹಿಸಿ, ಮರಳಿದ ಎರಡನ್ನೂ ಕೂಡಿಸಲಾಗುತ್ತದೆ. ಅವುಗಳ ವ್ಯತಿಕರಣದಿಂದ ಪ್ರತಿಫಲನವು ಎಷ್ಟು ಆಳದಿಂದ ಬಂದಿತೆಂದು ಕೆಲವೇ ಮೈಕ್ರಾನುಗಳ ನಿಖರತೆಯಲ್ಲಿ ತಿಳಿಯುತ್ತದೆ. ರಕ್ತನಾಳಗಳನ್ನು ಕಾಣಲು ಒಂದೇ ರೇಖೆಯನ್ನು ಸೆಕೆಂಡಿನ ಕೆಲವು ಸಾವಿರದ ಭಾಗಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರಿಸಲಾಗುತ್ತದೆ. ಸ್ಥಿರವಾದ ಅಂಗಾಂಶ ಪ್ರತಿ ಬಾರಿಯೂ ಒಂದೇ ರೀತಿ ಕಾಣುತ್ತದೆ. ಕೆಂಪು ರಕ್ತಕಣಗಳು ಚಲಿಸುವಲ್ಲಿ ಮಾತ್ರ ಸಂಕೇತ ಬದಲಾಗುತ್ತದೆ. ಆ ವ್ಯತ್ಯಾಸಗಳನ್ನೇ ಜೋಡಿಸಿದರೆ ಲೋಮನಾಳಗಳ ಜಾಲ ಪದರಪದರವಾಗಿ ಮೂಡುತ್ತದೆ. ಇಲ್ಲಿ ರಕ್ತದ ಚಲನೆಯೇ ವರ್ಣದ್ರವ್ಯದ ಕೆಲಸ ಮಾಡುತ್ತದೆ. ಇದಕ್ಕೂ ಮಿತಿಗಳಿವೆ. ಈ ವಿಧಾನ ಸೋರಿಕೆಯನ್ನು ತೋರಿಸದು. ಅತಿ ನಿಧಾನವಾದ ಹರಿವನ್ನು ಗುರುತಿಸದೆ ಹೋಗಬಹುದು. ಕಣ್ಣು ಅಲುಗಿದರೆ ಚಿತ್ರ ಕೆಡುತ್ತದೆ.

ಆದರೆ ಯಂತ್ರದ ಸೂಕ್ಷ್ಮತೆಯೊಂದೇ ದೃಷ್ಟಿಯನ್ನು ಉಳಿಸುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲ ರೋಗ ಇದಕ್ಕೆ ನಿದರ್ಶನ. ಗರ್ಭದಲ್ಲಿ ಸುಮಾರು 16ನೆಯ ವಾರದಲ್ಲಿ ದೃಷ್ಟಿನರದ ಬಳಿ ಹುಟ್ಟುವ ರಕ್ತನಾಳಗಳು ಅಕ್ಷಿಪಟಲದ ಅಂಚನ್ನು ಪೂರ್ತಿಯಾಗಿ ಮುಟ್ಟುವುದು ಸುಮಾರು 40ನೆಯ ವಾರಕ್ಕೆ. ಅದಕ್ಕೆ ಮೊದಲೇ ಶಿಶು ಹುಟ್ಟಿದರೆ ಈ ಬೆಳವಣಿಗೆ ಕುಂಠಿತವಾಗಿ, ಬಳಿಕ ಅಸಹಜ ನಾಳಗಳು ಹುಟ್ಟಿ, ಅಕ್ಷಿಪಟಲವನ್ನೇ ಕಿತ್ತೆಬ್ಬಿಸಬಹುದು. ನಿಯಂತ್ರಣವಿಲ್ಲದೆ ಕೊಡುವ ಆಮ್ಲಜನಕ ಈ ಅಪಾಯವನ್ನು ಹೆಚ್ಚಿಸುತ್ತದೆ. ಭಾರತದಲ್ಲಿ 34 ವಾರಗಳಿಗೆ ಮುನ್ನ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳನ್ನು ಜನನದ 30 ದಿನಗಳೊಳಗೆ ಪರೀಕ್ಷಿಸಬೇಕೆಂಬ ನಿಯಮವಿದೆ. ರೋಗ ಚಿಕಿತ್ಸೆಯ ಹಂತ ತಲುಪಿದರೆ ಎರಡು ಮೂರು ದಿನಗಳಲ್ಲೇ ಚಿಕಿತ್ಸೆ ಆಗಬೇಕು.

ಜಮಖಂಡಿಯಿಂದ ಬೆಂಗಳೂರಿಗೆ ಐದುನೂರು ಕಿಲೋಮೀಟರಿಗೂ ಹೆಚ್ಚು ದೂರ. ಒಂದೂವರೆ ಕಿಲೋ ತೂಕದ ಕೂಸನ್ನು ಪರೀಕ್ಷೆಗಾಗಿ ಅಷ್ಟು ದೂರ ಒಯ್ಯುವುದು ಬಾಣಂತಿಗೂ ಶಿಶುವಿಗೂ ಕಷ್ಟ. ಈ ತೊಡಕಿಗೆ ಉತ್ತರವಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ‘ಕಿಡ್‌ರಾಪ್’ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ವಿಶಾಲ ದೃಷ್ಟಿಕ್ಷೇತ್ರದ ಕ್ಯಾಮೆರಾದೊಡನೆ ಶಿಶು ಆರೈಕೆ ಘಟಕಗಳಿಗೇ ತೆರಳುತ್ತಾರೆ. ಸುಮಾರು 130 ಡಿಗ್ರಿ ವ್ಯಾಪ್ತಿಯ ಚಿತ್ರಗಳನ್ನು ತೆಗೆದು ಅಂತರಜಾಲದ ಮೂಲಕ ದೂರದ ತಜ್ಞರಿಗೆ ಕಳುಹಿಸುತ್ತಾರೆ. ಈ ಕ್ಯಾಮೆರಾ ಕಣ್ಣಿನ ಮೇಲ್ಮೈಯನ್ನು ಮುಟ್ಟುವುದರಿಂದ ಮರವಳಿಕೆಯ ಹನಿ ಬೇಕು. ಆದರೆ ಚುಚ್ಚುಮದ್ದು ಬೇಡ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಸಹಭಾಗಿತ್ವದಿಂದ ಈ ಸೇವೆ ಉತ್ತರ ಕರ್ನಾಟಕಕ್ಕೂ ವಿಸ್ತರಿಸಿತು. 2015ರಲ್ಲಿ ಪ್ರಕಟವಾದ ವರದಿ 20,214 ಚಿತ್ರಣ ಪರೀಕ್ಷೆಗಳನ್ನು ದಾಖಲಿಸಿದೆ.

ಮೋದಿಯವರ ಶಿಬಿರಗಳಲ್ಲಿ ಶಸ್ತ್ರವೈದ್ಯರೇ ಹಳ್ಳಿಗೆ ಬರುತ್ತಿದ್ದರು. ಇಂದು ಚಿತ್ರವು ವೈದ್ಯರ ಬಳಿಗೆ ಹೋಗುತ್ತಿದೆ. ಆದರೆ ಪೊರೆಗೆ ಮುಂದಿನ ಶಿಬಿರದವರೆಗೆ ಕಾಯಲು ಸಾಧ್ಯವಿತ್ತು. ಅವಧಿಪೂರ್ವ ಶಿಶುವಿನ ರಕ್ತನಾಳಗಳು ಕಾಯುವುದಿಲ್ಲ. ಆದಕಾರಣ ಉಪಕರಣದಷ್ಟೇ ಮುಖ್ಯವಾದದ್ದು, ತಾಯಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಪರೀಕ್ಷೆಯ ದಿನಾಂಕವನ್ನು ಆಕೆಗೆ ತಿಳಿಯುವಂತೆ ಹೇಳಿ, ಬರೆದುಕೊಡುವ ವ್ಯವಸ್ಥೆ.