ಇಳಕಲ್ ಸೀರೆಯ ಕೊಂಡಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ಮನೆಗಳಲ್ಲಿ ಅಜ್ಜಿಯ ಕಾಲದ ಇಳಕಲ್ ಸೀರೆಯೊಂದು ಪೆಟ್ಟಿಗೆಯ ತಳದಲ್ಲಿ ಇದ್ದೀತು. ಅದನ್ನು ಹೊರತೆಗೆದು, ಒಡಲು ಮುಗಿದು ಕೆಂಪು ಸೆರಗು ಮೊದಲಾಗುವ ಸ್ಥಳವನ್ನು ಬೆಳಕಿಗೆ ಹಿಡಿದು ನೋಡಬೇಕೆಂದು ವಾಚಕರನ್ನು ಬೇಡಿಕೊಳ್ಳುತ್ತೇವೆ. ಅಲ್ಲಿ ಅಡ್ಡಲಾಗಿ ಒಂದು ಸಣ್ಣ ಗೆರೆ ಕಾಣುವುದು. ಅದು ಹೊಲಿಗೆಯಲ್ಲ. ಒಡಲಿನ ಹಾಸಿನ ಕುಣಿಕೆಗಳೊಳಗೆ ಸೆರಗಿನ ಹಾಸಿನ ಕುಣಿಕೆಗಳು ಒಂದೊಂದಾಗಿ ಸಿಕ್ಕಿಕೊಂಡಿರುವ ಸಾಲು ಅದು. ನೇಕಾರರು ಇದಕ್ಕೆ ಕೊಂಡಿ ಎನ್ನುತ್ತಾರೆ. ಈ ಕಸಬಿನ ಹೆಚ್ಚಳವೂ ಅದರ ಇಳಿಗಾಲವೂ ಈ ಗೆರೆಯಲ್ಲಿಯೇ ಅಡಗಿವೆ ಎಂದರೆ ಅತಿಶಯೋಕ್ತಿಯಾಗದು.

ಇಳಕಲ್ ಪಟ್ಟಣವು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರವರೆಗೆ ಆ ಸೀಮೆಯು ವಿಜಾಪುರ ಜಿಲ್ಲೆಗೆ ಸೇರಿತ್ತು. ಸಾಮಾನ್ಯವಾಗಿ ಸೀರೆಯ ಹಾಸು ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿರುವುದು. ಇಲ್ಲಿ ಹಾಗಲ್ಲ. ಒಡಲಿಗೆ ಹತ್ತಿಯ ಹಾಸು, ಉಳ್ಳವರಿಗಾದರೆ ರೇಷ್ಮೆಯದು. ಸೆರಗಿಗೆ ಮಾತ್ರ ಬೇರೆಯಾಗಿ ಸಿದ್ಧಪಡಿಸಿದ ಕೆಂಪು ರೇಷ್ಮೆಯ ಹಾಸು. ಇಷ್ಟು ತೊಂದರೆ ಏತಕ್ಕೆಂದರೆ, ಹಸಿರು ಅಥವಾ ಕಪ್ಪು ಹಾಸಿನ ಮೇಲೆ ಕೆಂಪು ಹೊಕ್ಕು ಹಾಯ್ದರೆ ಎರಡು ಬಣ್ಣಗಳೂ ಬೆರೆತು ಸೆರಗು ಮಂಕಾಗುವುದು. ಕೆಂಪಿನೊಳಗೆ ಕೆಂಪೇ ಹೊಕ್ಕಾಗ ದಾಳಿಂಬೆಯ ಕಾಂತಿ ಬರುವುದು. ಈ ರೇಷ್ಮೆಯಾದರೂ ಅಗ್ಗದ ವಸ್ತುವಲ್ಲ. ಕಚ್ಚಾ ರೇಷ್ಮೆಯನ್ನು ಸಾಬೂನಿನ ನೀರಿನಲ್ಲಿ ಕುದಿಸಿ ಅಂಟನ್ನು ತೆಗೆಯುವಷ್ಟರಲ್ಲಿ ಅದರ ತೂಕದಲ್ಲಿ ಸುಮಾರು ಕಾಲು ಪಾಲು ಕರಗಿಹೋಗುವುದು.

ಹೀಗೆ ನೇಯ್ದ ಸೆರಗಿನಲ್ಲಿ ಮೂರು ಕೆಂಪು ಪಟ್ಟಿಗಳೂ ಅವುಗಳ ನಡುವೆ ಎರಡು ಬಿಳಿಯ ಭಾಗಗಳೂ ಇರುವುವು. ಇದೇ ತೋಪು ತೆನೆ. ತೆನೆ ಎಂದರೆ ಜೋಳದ ತೆನೆಯೂ ಹೌದು, ಕೋಟೆಯ ತೆನೆಯೂ ಹೌದು. ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಎರಡೂ ಪರಿಚಿತವಾದವುಗಳೇ. ಹೊಲಿಗೆಯ ತರಗತಿಯಲ್ಲಿ ಗೋಪುರ, ತೇರು, ಆನೆಗಳ ಕಸೂತಿಯನ್ನು ಎಳೆ ಎಣಿಸಿ ಹಾಕಿದವರಿಗೆ ಈ ಸೀರೆಯ ನೇಯ್ಗೆ ಎಷ್ಟು ಸಮವಾದುದೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇಂಥ ಪ್ರತಿಯೊಂದು ಸೀರೆಗೂ ಹೊಸ ಹಾಸು, ಹೊಸ ಕೊಂಡಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿಯೊಗೆಯುವವನ ಕೆಲಸವು ಎಲ್ಲರ ಕಣ್ಣಿಗೆ ಬೀಳುವುದು. ಆದರೆ ನೂಲು ಬಿಚ್ಚಿ ಕಂಡಿಕೆ ಸುತ್ತುವುದು, ಎಳೆಗಳನ್ನು ಸರಿಪಡಿಸುವುದು, ಕೊಂಡಿ ಕೂಡಿಸುವುದು ಮುಂತಾದ ಕೆಲಸಗಳು ಬಹುಮಟ್ಟಿಗೆ ಮನೆಯ ಹೆಂಗಸರವು. ಮಜೂರಿಯು ಸೀರೆಯೊಂದಕ್ಕೆ ಇಷ್ಟೆಂದು ಮಗ್ಗದವನ ಕೈಗೆ ಸಂದಾಯವಾಗುವುದು. ತಾಯಿಯ ಹಾಗೂ ಮಗಳ ದುಡಿಮೆಗೆಂದು ಲೆಕ್ಕದಲ್ಲಿ ಬೇರೆ ಸಾಲೇ ಇಲ್ಲ.

ವಿದ್ಯುತ್ ಮಗ್ಗವು ಬಂದು ಮೊದಲು ಕೈಯಿಟ್ಟದ್ದು ಇಲ್ಲಿಯೇ. ಅದಕ್ಕೆ ಅನೇಕ ಸೀರೆಗಳಿಗಾಗುವ ಉದ್ದನೆಯ ಒಂದೇ ಹಾಸು ಬೇಕು. ಸೀರೆಗೊಮ್ಮೆ ನಿಂತು ಕೊಂಡಿ ಹಾಕಿಸಿಕೊಳ್ಳುವ ವ್ಯವಧಾನ ಅದಕ್ಕಿಲ್ಲ. ಸಾಲದುದಕ್ಕೆ ಕೃತ್ರಿಮ ರೇಷ್ಮೆಯು ನಿಜವಾದ ರೇಷ್ಮೆಯ ಸ್ಥಳವನ್ನು ಆಕ್ರಮಿಸಿತು. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆಯನ್ನು 1985ರಲ್ಲಿ ಮಾಡಿದರು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮೊದಲು 22 ಬಗೆಗಳಿದ್ದ ಮೀಸಲು ಪಟ್ಟಿಯು ಆಮೇಲೆ 11ಕ್ಕೆ ಇಳಿಯಿತು. ದೇಶದಲ್ಲಿ ಕೈಮಗ್ಗವನ್ನು ನಂಬಿ ದುಡಿಯುವವರು 1995-96ರ ಗಣತಿಯಲ್ಲಿ ಸುಮಾರು 65 ಲಕ್ಷ. 2019-20ರ ಗಣತಿಯಲ್ಲಿ ಸುಮಾರು 35 ಲಕ್ಷ.

ದೋಷವನ್ನೆಲ್ಲ ಯಂತ್ರದ ಮೇಲೆ ಹೊರಿಸುವುದು ಸುಲಭ. ಆದರೆ ನಮ್ಮಂಥ ಶಾಲೆಗಳಿಗೂ ಇದರಲ್ಲಿ ಪಾಲುಂಟು. ನೇಕಾರರ ಮಗಳೊಬ್ಬಳು ಶಾಲೆಗೆ ಬಂದು ಕುಳಿತ ದಿನವೇ ಮನೆಯಲ್ಲಿ ಕೊಂಡಿ ಹಾಕುವ ಎರಡು ಕೈಗಳು ಕಡಿಮೆಯಾದುವು. ಅವಳು ಓದಿ ಉಪಾಧ್ಯಾಯಿನಿಯೋ ದಾದಿಯೋ ಆದುದಕ್ಕಾಗಿ ನಾವು ಎಳ್ಳಷ್ಟೂ ವಿಷಾದಪಡುವುದಿಲ್ಲ. ಕೂಲಿಯಿಲ್ಲದ ಕೆಲಸಕ್ಕೆ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಂಡು ಕಸಬನ್ನು ಉಳಿಸಿರೆಂದು ಯಾವ ತಾಯಿಗೂ ನಾವು ಹೇಳಲಾರೆವು. ಆ ಕೈಗಳಿಗೆ ಬೇರೆಯಾಗಿ ಮಜೂರಿ ಕಟ್ಟಿ, ಅದನ್ನು ಸೀರೆಯ ಬೆಲೆಯಲ್ಲಿ ಕೊಳ್ಳುವವರಿಂದ ಕೇಳಿದ್ದರೆ ಸ್ಥಿತಿಯು ಬೇರೆಯಾಗುತ್ತಿತ್ತೋ ಏನೋ.

ಇಳಕಲ್ ಸೀರೆಗೆ ಈಗ ಭೌಗೋಳಿಕ ಗುರುತಿನ ನೋಂದಣಿಯಾಗಿದೆ. ಆದರೂ ಅದರ ಹೆಸರಿನಲ್ಲಿ ಮಾರುವ ಅನುಕರಣಗಳು ಪೇಟೆಯಲ್ಲಿ ಇದ್ದೇ ಇವೆ. ಹೆಣ್ಣುಮಕ್ಕಳ ಮದುವೆಗೆ ಜವಳಿ ತೆಗೆಯುವ ತಾಯಂದಿರು ಅಂಗಡಿಯಲ್ಲಿ ಸೆರಗನ್ನು ಹಿಂದುಮುಂದು ಮಾಡಿ ನೋಡಲಿ. ಒಡಲಿನ ಹಾಸೇ ಸೆರಗಿನೊಳಗೂ ಹರಿದುಹೋಗಿದ್ದರೆ ಅದು ಕೊಂಡಿಯಿಲ್ಲದ ಸೀರೆ. ಗೆರೆಯು ಕೈಗೆ ತಾಕಿದರೆ, ಅದನ್ನು ಕೂಡಿಸಿದವರಿಗೆ ಎಷ್ಟು ಮಜೂರಿ ಸಂದಿತೆಂದು ಅಂಗಡಿಯವರನ್ನು ಒಮ್ಮೆ ಕೇಳಲಿ.