ಮೂಳೆ ಕೂಡಿತು, ಡ್ಯೂಟಿಗೆ ಯಾವಾಗ?

"ಆರಾಮಾದ್ರೇನ್ರೀ? ಡ್ಯೂಟಿಗೆ ಯಾವಾಗಿಂದ ಬರ್ತೀರಿ?" ಕಾಲು ಮುರಿದು ಮೂರು ತಿಂಗಳು ಮನೆ ಹಿಡಿದವರಿಗೆ ಆಫೀಸಿನಿಂದ ಬರುವ ಫೋನು ಹೀಗೇ ಇರುತ್ತದೆ. ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿಯೂ ಆಗಿರುತ್ತದೆ. ಆದರೆ ನೀವು ಮಾಡೋ ಕೆಲಸ ಎಂಥದ್ದು ಅಂತ ಎಕ್ಸ್‌ರೇಗೆ ಗೊತ್ತಿಲ್ಲ ನೋಡಿ.

ಸಿರುಗುಪ್ಪದಿಂದ ಬಳ್ಳಾರಿಗೆ ಹೆಚ್ಚುಕಡಿಮೆ 55 ಕಿ.ಮೀ. ಬಸ್ಸಿನ ಮೊದಲ ಮೆಟ್ಟಿಲೇ ಎತ್ತರ, ಸೀಟು ಸಿಗದಿದ್ದರೆ ಇಡೀ ದಾರಿ ನಿಂತೇ ಬರಬೇಕು. ಕುರುಗೋಡು ಅದರ ಅರ್ಧ ದೂರ, ಬೈಕಲ್ಲಿ ಬಂದುಬಿಡೋಣ ಅನ್ನಿಸುತ್ತದೆ. ಬ್ರೇಕ್ ಒತ್ತುವ ಬಲಗಾಲೇ ಮುರಿದಿದ್ದರೆ? ಇನ್ನು ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಹೊಲಿಯುವವರಿಗೆ ಮಿಷನ್ ಓಡಿಸುವುದೇ ಪಾದ. ಅದೇ ಮುರಿತವಾದ ಬ್ಯಾಂಕಿನವರು ಕುರ್ಚಿಗೆ ಮರಳಿದ ಮೇಲೂ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವವರು ಕಾಯಲೇಬೇಕು.

ಹಾಗಾಗಿ "ಫಿಟ್" ಅಂತ ಒಂದೇ ಪದ ಬರೆಸಿಕೊಂಡು ಬರಬೇಡಿ. ಎಷ್ಟು ಹೊತ್ತು ನಿಲ್ಲಬಹುದು, ಎಷ್ಟು ಭಾರ ಎತ್ತಬಹುದು, ಎಷ್ಟು ವಾರ ಹಗುರ ಕೆಲಸ, ಇದನ್ನೆಲ್ಲ ಚೀಟಿಯಲ್ಲೇ ಬರೆಸಿ.

ಅವಸರ ಮಾಡಿಸುವುದು ಬಹುಪಾಲು ದುಡ್ಡು, ಕಂಪನಿಯಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ಕಟ್ ಆಗುತ್ತಿದ್ದರೆ, ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿರುವಷ್ಟು ದಿನ ದಿನಗೂಲಿಯ ಸುಮಾರು 90% ಸಿಗುತ್ತದೆ. ಬಹಳ ಮಂದಿಗೆ ಗೊತ್ತಿಲ್ಲದ ಮಾತು ಇನ್ನೊಂದಿದೆ: ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ದಾರಿಯಲ್ಲಾದ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ನಂಟು ತೋರಿಸಲಾದರೆ, ಕೆಲಸದ ಅಪಘಾತವೆಂದೇ ಎಣಿಸುತ್ತಾರೆ. 2010ರ ತಿದ್ದುಪಡಿಯಲ್ಲಿ ಬಂದದ್ದು ಇದು. ಅಪಘಾತದ ವರದಿ ಇಎಸ್‌ಐಗೆ ಹೋಗಿದೆಯಾ ಅಂತ ನೀವು ಆಸ್ಪತ್ರೆಯಲ್ಲಿರುವಾಗಲೇ ಮನೆಯವರು ಮಾಲೀಕರನ್ನು ಕೇಳಲಿ.

ಸರಕಾರಿ ನೌಕರರಿಗೆ ಬೇರೆ ಆಸರೆ. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು 2016ರ ಕಾಯ್ದೆ ಪ್ರಕಾರ ತೆಗೆದುಹಾಕುವಂತಿಲ್ಲ; ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು.

ಕಷ್ಟ ಇರುವುದು ನಾಲ್ಕೈದು ಮಿಷನ್ನಿನ ಸಣ್ಣ ಯೂನಿಟ್ಟಿನಲ್ಲಿ ಪೀಸ್ ಲೆಕ್ಕಕ್ಕೆ ಹೊಲಿಯುವವರಿಗೆ. ಹತ್ತು ಜನ ಇಲ್ಲದ ಕಡೆ ಸಾಮಾನ್ಯವಾಗಿ ಇಎಸ್‌ಐ ಇರುವುದಿಲ್ಲ. ನೌಕರರ ಪರಿಹಾರ ಕಾನೂನಿನಲ್ಲಿ ಮಾಲೀಕರು 15 ದಿನಕ್ಕೊಮ್ಮೆ ತಿಂಗಳ ಕೂಲಿಯ 25% ಕೊಡಬೇಕೇನೋ ಹೌದು, ಆದರೆ ಕೂಲಿಗೆ ದಾಖಲೆ ಬೇಕಲ್ಲ! ಫೋನ್‌ಪೇನಲ್ಲಿ ಬಂದ ಕೂಲಿಯ ಮೆಸೇಜುಗಳನ್ನು ಅಳಿಸಬೇಡಿ.

ಬೇಸಿಗೆಯಲ್ಲಿ ಮರಳುವವರು ಬೆಳಗಿನ ಶಿಫ್ಟ್ ಕೇಳಿ ನೋಡಿ. ಬಳ್ಳಾರಿಯ 40 ಡಿಗ್ರಿಯಲ್ಲಿ ಬೆಲ್ಟು ಕಟ್ಟಿದ ಕಾಲು ಸಂಜೆ ಹೊತ್ತಿಗೆ ಊದಿಕೊಂಡು ಚಪ್ಪಲಿಗೂ ಹೋಗುವುದಿಲ್ಲ.