ಚಳಿಗಾಲದ ಲಡಾಖ್: ಕ್ಯಾಮೆರಾಕ್ಕೂ ಮೊದಲು ದಿನಗಳ ಲೆಕ್ಕ

ಜುಬೈಲ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಕಳೆದ ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಕಳುಹಿಸಿದ. ಜನವರಿಯಲ್ಲಿ ಅವನಿಗೆ ಇಪ್ಪತ್ತು ದಿನ ರಜೆ. ಅದರಲ್ಲಿ ಆರು ದಿನ ಲಡಾಖ್‌ಗೆ. ಮೊದಲ ದಿನ ಲೇಹ್, ಎರಡನೇ ದಿನ ಖರ್ದುಂಗ್ ಲಾ ದಾಟಿ ನುಬ್ರಾ, ಮೂರನೇ ದಿನ ಪಾಂಗಾಂಗ್ ಸರೋವರ, ನಾಲ್ಕನೇ ದಿನ ಹಾನ್ಲೆಯಲ್ಲಿ ನಕ್ಷತ್ರ, ಐದಕ್ಕೆ ಹಿಮ ಚಿರತೆ, ಆರಕ್ಕೆ ವಿಮಾನ. ಕೆಳಗೆ ಒಂದು ಸಾಲು: “ಮಾಮ, ನೀವು ಹೋಗಿ ಬಂದವರಲ್ವಾ, ಇದು ಆಗ್ತದಾ ನೋಡಿ. ಉಮ್ಮನಿಗೆ ಈಗಲೇ ಹೇಳಬೇಡಿ.”

ಹೊಸ ಕ್ಯಾಮೆರಾ ತಗೊಂಡಿದ್ದಾನೆ, ಉದ್ದದ ಲೆನ್ಸೂ ಉಂಟು. ಹುಮ್ಮಸ್ಸು ನನಗೆ ಅರ್ಥವಾಗುತ್ತದೆ. ಆದರೂ “ಆಗುವುದಿಲ್ಲ” ಎಂದು ಬರೆದೆ.

ಕಾರಣ ಹೇಳಬೇಕಾದರೆ ನನ್ನದೇ ಕತೆ ಹೇಳಬೇಕು. ನಾನು ಮದುವೆ ಫೋಟೋ ತೆಗೆಯುವವನು. ಎಂಟು ವರ್ಷದ ಹಿಂದೆ ಗೆಳೆಯನೊಬ್ಬನ ಜೊತೆ ಇದೇ ಜನವರಿಯಲ್ಲಿ ಹೋಗಿದ್ದೆ. ಪ್ಯಾಕೇಜ್‌ನವರು ಕೊಟ್ಟ ಪಟ್ಟಿಯೂ ಹೆಚ್ಚು ಕಡಿಮೆ ಹೀಗೇ ಇತ್ತು. ಎರಡನೇ ದಿನ ಬೆಳಗ್ಗೆ ಖರ್ದುಂಗ್ ಲಾ ಹತ್ತುವಾಗ ಗೆಳೆಯನಿಗೆ ತಲೆನೋವು ಶುರುವಾಯಿತು, ಮೇಲೆ ತಲುಪುವಾಗ ವಾಂತಿ. ಡ್ರೈವರ್ ಒಳ್ಳೆಯವ, ನಾವು ಹೇಳುವ ಮೊದಲೇ ಗಾಡಿ ತಿರುಗಿಸಿದ. ಆ ರಾತ್ರಿ ಲೇಹ್‌ನ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿ ಮಲಗಿದ್ದ ಅವನ ಪಕ್ಕದಲ್ಲಿ ಕುಳಿತೆ. ಅವನ ಮನೆಗೆ ಫೋನ್ ಮಾಡಿ ಏನೆಂದು ಹೇಳುವುದು? ಸಿಗ್ನಲ್ ಇಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಬೆಳಗಿನವರೆಗೆ ಫೋನ್ ಮುಟ್ಟಲಿಲ್ಲ. ಆತ ಗುಣವಾದ. ಪ್ರವಾಸ ಅಲ್ಲಿಗೇ ಮುಗಿಯಿತು. ಕಾರ್ಡಿನಲ್ಲಿ ಇದ್ದದ್ದು ಎರಡೇ ಚಿತ್ರ, ಅದರಲ್ಲಿ ಒಂದು ಕಣಿವೆ ದಾರಿಯ ಬೋರ್ಡು.

ನಾವು ಕರಾವಳಿಯವರು ಹುಟ್ಟಿದ್ದೇ ಸಮುದ್ರಮಟ್ಟದಲ್ಲಿ. ಜುಬೈಲ್ ಕೂಡ ಕಡಲತೀರವೇ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನ ಮೂರನೇ ಎರಡು ಭಾಗದಷ್ಟು ಮಾತ್ರ. ವಿಮಾನದಲ್ಲಿ ಹೋದರೆ ದಿಲ್ಲಿಯಿಂದ ಒಂದೂವರೆ ಗಂಟೆಯೊಳಗೆ ಆ ಎತ್ತರಕ್ಕೆ ಎತ್ತಿ ಇಟ್ಟ ಹಾಗೆ. ಖರ್ದುಂಗ್ ಲಾ 5,359 ಮೀಟರ್. ದೇಹ ಒಗ್ಗಿಕೊಳ್ಳಲು ಸಮಯ ಕೇಳುತ್ತದೆ. ಜಿಮ್‌ಗೆ ಹೋಗುವವನು, ಫುಟ್‌ಬಾಲ್ ಆಡುವವನು ಎಂಬ ರಿಯಾಯಿತಿ ಅದಕ್ಕಿಲ್ಲ. ಗಟ್ಟಿಮುಟ್ಟಾದ ಹುಡುಗರೇ ಓಡಾಡಿ ಬೇಗ ಬೀಳುತ್ತಾರೆ.

ಹಾಗಾಗಿ ಮೊದಲ ಎರಡು ದಿನ ಕೋಣೆ ಬಿಟ್ಟು ಎಲ್ಲಿಗೂ ಇಲ್ಲ. ಬಿಸಿನೀರು ಕುಡಿಯುವುದು, ಮಲಗುವುದು, ಹೆಚ್ಚೆಂದರೆ ಅಂಗಳದಲ್ಲಿ ನಾಲ್ಕು ಹೆಜ್ಜೆ. ಆಮೇಲೂ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸಾಮಾನ್ಯ ಲೆಕ್ಕ. ಸಣ್ಣ ತಲೆನೋವು ಬಂದರೆ ಅಲ್ಲೇ ನಿಲ್ಲಬೇಕು. ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು, ಕುಡಿದವರಂತೆ ತೂರಾಡುವ ನಡಿಗೆ, ಇವು ಕಂಡರೆ ಕಾಯದೆ ಕೆಳಗಿಳಿಯಬೇಕು, ಆಸ್ಪತ್ರೆಗೆ ಹೋಗಬೇಕು. ಡಯಾಮಾಕ್ಸ್ ಎಂಬ ಮಾತ್ರೆಯನ್ನು ಪಕ್ಕದ ಮನೆಯವರು ಹೇಳಿದರೆಂದು ನುಂಗಬೇಡಿ. ಸಲ್ಫಾ ಔಷಧಿ ಆಗದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಉಬ್ಬಸ, ಬಿಪಿ, ಹೃದಯದ ತೊಂದರೆ ಇರುವವರು ಟಿಕೆಟ್‌ಗೂ ಮೊದಲು ಡಾಕ್ಟರನ್ನು ಕಾಣುವುದು ಒಳ್ಳೆಯದು.

ಚಳಿಗಾಲದಲ್ಲಿ ಇನ್ನೊಂದು ತೊಡಕು. ಬೇಸಿಗೆಯಲ್ಲಾದರೆ ಮನಾಲಿ ರಸ್ತೆ, ಶ್ರೀನಗರ ರಸ್ತೆ ಎರಡೂ ಇರುತ್ತವೆ. ಹಿಮ ಬಿದ್ದ ಮೇಲೆ ಮನಾಲಿ ಕಡೆಯದು ಮುಚ್ಚುತ್ತದೆ, ಶ್ರೀನಗರ ಕಡೆಯ ಜೋಜಿ ಲಾವನ್ನು ನಂಬುವ ಹಾಗಿಲ್ಲ. ಉಳಿಯುವುದು ವಿಮಾನ ಒಂದೇ. ಅದೂ ಹವೆ ಕೆಟ್ಟರೆ ಹಾರುವುದಿಲ್ಲ. ಹಿಂದಿರುಗುವ ದಿನದ ಮರುದಿನವೇ ಸೌದಿಗೆ ಟಿಕೆಟ್ ಇಟ್ಟುಕೊಂಡವನ ಗತಿ ಏನು ಮಾರಾಯ್ರೆ! ಒಂದು ದಿನವಾದರೂ ಖಾಲಿ ಇಡಲೇಬೇಕು.

ಅಳಿಯನಿಗೆ ಹೊಸ ದಾರಿ ಹಾಕಿಕೊಟ್ಟದ್ದು ಹೀಗೆ. ಊರಿನ ಹೆಸರು ನೋಡಿ ಅಲ್ಲ, ಎತ್ತರ ನೋಡಿ. ಲೇಹ್‌ನಲ್ಲಿ ಮೂರು ರಾತ್ರಿ. ಆಮೇಲೆ ಮೇಲಕ್ಕಲ್ಲ, ಕೆಳಕ್ಕೆ: ಸಿಂಧೂ ನದಿಯ ಜೊತೆಗೆ ಪಶ್ಚಿಮಕ್ಕೆ ಇಳಿದರೆ ಆಲ್ಚಿ, ಸುಮಾರು 3,100 ಮೀಟರ್. ದಾರಿಯಲ್ಲಿ ನಿಮ್ಮು ಬಳಿ ಝಂಸ್ಕಾರ್ ಬಂದು ಸಿಂಧೂವನ್ನು ಸೇರುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಚೂರುಗಳು ಹಸಿರು ನೀರಿನಲ್ಲಿ ತೇಲುವುದನ್ನು ನೋಡುತ್ತಾ ಅರ್ಧ ದಿನ ಕೂತುಬಿಡಬಹುದು. ಆಲ್ಚಿಯ ಹಳೆಯ ಬೌದ್ಧ ವಿಹಾರದ ಗೋಡೆಚಿತ್ರಗಳು ಸುಮಾರು 800 ವರ್ಷದವು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಕ್ಯಾಮೆರಾ ಚೀಲದಲ್ಲಿಟ್ಟು ಕಣ್ಣಿನಿಂದಲೇ ನೋಡಿ ಬರಬೇಕು.

ಅಲ್ಲಿಂದ ಉಲೇ ಎಂಬ ಹಳ್ಳಿ, 4,000 ಮೀಟರ್ ಹತ್ತಿರ, ಹಿಮ ಚಿರತೆಗಾಗಿ. ಚಳಿಗಾಲದಲ್ಲಿ ಕಾಡುಕುರಿ, ಐಬೆಕ್ಸ್ ಆಡುಗಳು ಮೇವಿಗೆ ಕೆಳಗಿಳಿಯುತ್ತವೆ, ಅವುಗಳ ಹಿಂದೆ ಚಿರತೆಯೂ. 2024ರ ಜನವರಿಯಲ್ಲಿ ಪ್ರಕಟವಾದ ಗಣತಿಯಂತೆ ದೇಶದ 718 ಹಿಮ ಚಿರತೆಗಳಲ್ಲಿ 477 ಲಡಾಖ್‌ನಲ್ಲೇ ಇವೆ. ಹಾಗೆಂದು ಹೋದ ಕೂಡಲೇ ಸಿಗುತ್ತದೆಂದಲ್ಲ. ಎರಡು ದಿನ ಬೆಟ್ಟದ ಕಲ್ಲನ್ನೇ ದುರ್ಬೀನಿನಲ್ಲಿ ನೋಡಿ ಬಂದವರೇ ಜಾಸ್ತಿ. ಕುರಿ ತಿಂದ ಚಿರತೆಯನ್ನು ಹಿಂದೆಲ್ಲ ಹಳ್ಳಿಯವರು ಕೊಲ್ಲುತ್ತಿದ್ದರು. ಈಗ ಅದನ್ನು ನೋಡಲು ಬಂದವರು ಅವರ ಮನೆಯಲ್ಲೇ ಉಳಿದು ಹಣ ಕೊಡುತ್ತಾರೆ. ಹಾಗಾಗಿ ಹೋಟೆಲ್ ಹುಡುಕದೆ ಹಳ್ಳಿಮನೆಯಲ್ಲೇ ಇರು ಎಂದೆ. ನಲ್ಲಿ ಹೆಪ್ಪುಗಟ್ಟಿರುತ್ತದೆ. ವುಝೂಗೆ ಬಿಸಿನೀರು ಬೇಕೆಂದರೆ ಒಲೆಯಿಂದ ಕೊಡುತ್ತಾರೆ, ಆದರೆ ಹಿಂದಿನ ರಾತ್ರಿಯೇ ಹೇಳಿಡಬೇಕು. ಹಿಮ ಚಿರತೆಯ ಸಂಶೋಧನೆಯಲ್ಲಿ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಕೆಲಸ ದೊಡ್ಡದು. ಅವರು ಹೆಚ್ಚು ದುಡಿದದ್ದು ಹಿಮಾಚಲದ ಸ್ಪಿತಿಯಲ್ಲಿ.

ಎಲ್ಲಕ್ಕಿಂತ ಕೊನೆಗೆ ಹಾನ್ಲೆ. ಸಿಂಧೂ ನದಿಯ ದಡದಲ್ಲೇ ಹೋಗುವ ರಸ್ತೆ, ದೊಡ್ಡ ಕಣಿವೆ ದಾಟಬೇಕಾಗಿಲ್ಲ. ನಡುವೆ ಚುಮಾಥಂಗ್‌ನಲ್ಲಿ ಒಂದು ರಾತ್ರಿ. ಅಲ್ಲಿ ಬಿಸಿನೀರಿನ ಬುಗ್ಗೆ, ಮೈನಸ್ ಇಪ್ಪತ್ತರ ಬೆಳಗಿನಲ್ಲಿ ಅದರ ಹಬೆ ನೋಡುವಂಥದ್ದು. ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಮೂಲಕ! 2022ರ ಡಿಸೆಂಬರ್‌ನಲ್ಲಿ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ತಾಣವೆಂದು ಘೋಷಿಸಲಾಯಿತು. ರಾತ್ರಿ ಬಿಳಿ ಟಾರ್ಚ್ ಬೇಡ, ಕೆಂಪು ಬೆಳಕು ಸಾಕು.

ಇಲ್ಲಿ ನಮ್ಮ ಮನೆಗಳ ಗೋಡೆ ಕ್ಯಾಲೆಂಡರ್ ಉಪಯೋಗಕ್ಕೆ ಬರುತ್ತದೆ. ಹಿಜರಿ ತಿಂಗಳ 27ರಿಂದ ಮುಂದಿನ ತಿಂಗಳ 3ರವರೆಗೆ ಚಂದ್ರನ ಕಾಟವಿಲ್ಲ, ಹಾನ್ಲೆಗೆ ಅದೇ ಹೊತ್ತು. ಅಳಿಯನ ಪಟ್ಟಿಯಲ್ಲಿ ಹಾನ್ಲೆ ಬಿದ್ದದ್ದು ಸರಿಯಾಗಿ 14ಕ್ಕೆ, ಹುಣ್ಣಿಮೆ ರಾತ್ರಿ! ಇನ್ನೊಂದು ನಿರಾಸೆಯನ್ನೂ ಮೊದಲೇ ಹೇಳಿದೆ: ಇಂಟರ್‌ನೆಟ್‌ನಲ್ಲಿ ಕಾಣುವ ಕ್ಷೀರಪಥದ ಹೊಳೆಯುವ ನಡುಭಾಗ ಜನವರಿಯ ರಾತ್ರಿ ಸಿಗುವುದಿಲ್ಲ. ಮಹಾವ್ಯಾಧ, ಕೃತ್ತಿಕೆ ಸಿಗುತ್ತವೆ. ಅದೇನು ಕಡಿಮೆಯಲ್ಲ. ಮುಂದಿನ ಕೆಲವು ವರ್ಷ ರಮಝಾನ್ ಚಳಿಗಾಲದಲ್ಲೇ ಬರುವುದರಿಂದ ಫೆಬ್ರವರಿಗೆ ತಳ್ಳುವ ಮೊದಲು ಆ ಲೆಕ್ಕವನ್ನೂ ನೋಡಿಕೊಳ್ಳಿ.

ಕ್ಯಾಮೆರಾದ ವಿಷಯ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ಆದರೆ ಚಳಿ ಗೊತ್ತಿಲ್ಲ. ಬ್ಯಾಟರಿ ಬೇಗ ಸಾಯುತ್ತದೆ. ಮೂರು ನಾಲ್ಕು ಹೆಚ್ಚುವರಿ ಇಟ್ಟುಕೊಂಡು ಅಂಗಿಯ ಒಳಕಿಸೆಯಲ್ಲಿ, ಮೈಬಿಸಿಗೆ ತಾಗುವಂತೆ ಇಡಬೇಕು. ಸತ್ತದ್ದೂ ಬೆಚ್ಚಗಾದರೆ ಸ್ವಲ್ಪ ಬದುಕುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಏಸಿ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುವುದು ನಮ್ಮೂರಿನ ಮದುವೆ ಫೋಟೋದವರಿಗೆಲ್ಲ ಗೊತ್ತು. ಲಡಾಖ್‌ನಲ್ಲಿ ಅದು ಹೊರಗಿನ ಚಳಿಯಿಂದ ಒಲೆ ಉರಿಯುವ ಕೋಣೆಗೆ ಬಂದಾಗ. ಹೊರಗಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಒಳಗೆ ಒಂದೆರಡು ಗಂಟೆ ಹಾಗೇ ಬಿಡಬೇಕು. ಚಿತ್ರ ನೋಡುವ ಆತುರಕ್ಕೆ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಂಡರಾಯಿತು. ಹಿಮವನ್ನು ಕ್ಯಾಮೆರಾ ಬೂದಿಬಣ್ಣ ಮಾಡುತ್ತದೆ, ಬೆಳಕನ್ನು ಒಂದು ಸ್ಟಾಪ್ ಹೆಚ್ಚಿಸಿ. ಟ್ರೈಪಾಡಿನ ಲೋಹವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಸೇನೆಯ ಠಾಣೆ, ಸೇತುವೆ ಕಡೆಗೆ ಲೆನ್ಸ್ ತಿರುಗಿಸುವುದೇ ಬೇಡ.

ಮಲಗುವ ಎರಡು ದಿನ ಮುಗಿದು, ತಲೆನೋವು ಇಲ್ಲದಿದ್ದರೆ, ಮೂರನೇ ದಿನ ಲೇಹ್ ಪೇಟೆಗೆ ಇಳಿಯಬಹುದು. ಹದಿನೇಳನೇ ಶತಮಾನದ ಜಾಮಿಯಾ ಮಸೀದಿ ಪೇಟೆಯ ನಡುವೆಯೇ ಇದೆ. ಅದರ ಹಿಂದಿನ ಓಣಿಯಲ್ಲಿ ತಂದೂರಿನಿಂದ ರೊಟ್ಟಿ ತೆಗೆಯುವ ಅಂಗಡಿಗಳು. ಬೆಳಗಿನ ಚಳಿಯಲ್ಲಿ ಬೆಂಕಿಯ ಬೆಳಕು ಮುಖದ ಮೇಲೆ ಬಿದ್ದಾಗ ಸಿಗುವ ಚಿತ್ರಕ್ಕೆ ಯಾವ ಸರೋವರವೂ ಸಮವಲ್ಲ ಎಂದೇ ನನ್ನ ಅಭಿಪ್ರಾಯ. ಮೊದಲು ರೊಟ್ಟಿ ತಗೊಂಡು, “ಜುಲೇ” ಅಂದು, ಆಮೇಲೆ ಕೇಳಿ ತೆಗೆಯಬೇಕು.

ಒಟ್ಟು ಹನ್ನೆರಡು ರಾತ್ರಿ, ಕೊನೆಯ ಎರಡು ಲೇಹ್‌ನಲ್ಲಿ. ಪಾಂಗಾಂಗ್, ನುಬ್ರಾ ಎರಡನ್ನೂ ಹೊಡೆದು ಹಾಕಿದೆ. ಅಳಿಯ ಫೋನ್ ಮಾಡಿದ. “ಪಾಂಗಾಂಗ್ ಇಲ್ಲದೆ ಎಂತ ಲಡಾಖ್ ಮಾಮ? ತ್ರೀ ಈಡಿಯಟ್ಸ್ ನೋಡಿ ಹೊರಟವನು ನಾನು.” ಅಲ್ಲಿಗೆ ಚಾಂಗ್ ಲಾ ಹತ್ತಬೇಕು, ಅದೂ ಖರ್ದುಂಗ್ ಲಾದಷ್ಟೇ ಎತ್ತರ ಎಂದೆ. ಆಸ್ಪತ್ರೆಯ ಆ ರಾತ್ರಿಯ ವಿಷಯವನ್ನೂ ಅವನಿಗೆ ಮೊದಲ ಸಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಊರಲ್ಲಿ ಇರ್ಲಿಕ್ಕೆ ಎಂಟೇ ದಿನ ಸಿಗುದಾ ಹಾಗಾದ್ರೆ?” ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ದಿನ ಯೋಚಿಸಿ ಅವನೇ ಕಂಪೆನಿಯಲ್ಲಿ ಕೇಳಿ ಐದು ದಿನ ರಜೆ ಹೆಚ್ಚಿಸಿಕೊಂಡ.

ಅಕ್ಕನಿಗೆ ಹೇಳುವ ಕೆಲಸ ಮಾತ್ರ ನನ್ನ ತಲೆಗೇ ಬಿತ್ತು. ಎಲ್ಲ ಕೇಳಿದಳು. ಮೈನಸ್ ಇಪ್ಪತ್ತು, ಚಿರತೆ, ಹೆಪ್ಪುಗಟ್ಟಿದ ನಲ್ಲಿ. ಕೊನೆಗೆ ಕೇಳಿದ್ದು ಒಂದೇ: “ಹೋದ ಮೇಲೆ ಎರಡು ದಿನ ಹೊದ್ದು ಮಲಗಿಯೇ ಇರಬೇಕಂತೆ ಅಲ್ವಾ? ಅದಕ್ಕೆ ಅಷ್ಟು ದೂರ ಯಾಕೆ, ಇಲ್ಲಿ ಹಾಸಿಗೆ ಇಲ್ವಾ?”

ಟಿಕೆಟ್ ಆಗಿದೆ. ಅಮಾವಾಸ್ಯೆಗೆ ಹಾನ್ಲೆ.